ಹಲಸಿನ ಮರದಡಿಯ ಚಪ್ಪಲಿ ಸ್ಟ್ಯಾಂಡ್

ಕೆಲಸ ಹಂಚುವ ಮೀಟಿಂಗಿಗೆ ಯಾರು ಬರುವುದಿಲ್ಲವೋ, ಕೆಲಸ ಅವರ ತಲೆಗೇ ಬೀಳುತ್ತದೆ. ವಾಮದಪದವಿನ ಮೋಕ್ಷಿತಾ ಮೂಡುಬಿದಿರೆ ಪಕ್ಕದ ಕಾಲೇಜಿನಲ್ಲಿ ಎರಡನೇ ಮಹಡಿಯ ಸುರಕ್ಷಾ ನಾಯಕಿಯಾದದ್ದೂ ಹಾಗೆಯೇ. ಆ ದಿನ ಅವಳ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿತ್ತು. ಅವಳು ತಲುಪುವಾಗ ಕಾಲೇಜಿನ ಸುರಕ್ಷೆಯ ಹೊಣೆ ಹೊತ್ತ ಲೋಕನಾಥ ಸರ್ ಒಂದು ಹಳದಿ ಟೊಪ್ಪಿ, ಒಂದು ಸೀಟಿ ಅವಳ ಬೆಂಚಿನ ಮೇಲಿಟ್ಟು ಹೋಗಿಯಾಗಿತ್ತು.

ಮೊದಲು ಗೊಣಗಿದಳು. ವಾರ ಕಳೆಯುವುದರೊಳಗೆ ಅಧಿಕಾರ ತಲೆಗೇರಿತು. ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟವರಿಗೆ ಬೈಗುಳ, ಕುಡಿಯುವ ನೀರಿನ ನಲ್ಲಿಯಲ್ಲಿ ಬುತ್ತಿಪಾತ್ರೆ ತೊಳೆದವರಿಗೆ ಬೈಗುಳ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬಾಮನ್ನು ಪರೀಕ್ಷೆಗೆ ಮೊದಲೇ ಹಚ್ಚಿ ಮುಗಿಸಿದವರಿಗೆ ಇನ್ನೂ ದೊಡ್ಡ ಬೈಗುಳ. ಅವಳನ್ನು ಕಂಡರೆ ಕಾರಿಡಾರು ಬೆಂಕಿಯಿಲ್ಲದೆಯೇ ಖಾಲಿಯಾಗುತ್ತಿತ್ತು.

ಆದರೆ ಬೆಂಕಿ ಬಿದ್ದರೆ ಹೇಗೆ ಇಳಿಯಬೇಕೆಂದು ಕಲಿಸುವ ಅಣಕು ಕಾರ್ಯಾಚರಣೆಯ ದಿನ ಉದ್ದನೆಯ ಗಂಟೆ ಬಾರಿಸಿದಾಗ ಅದೇ ಕಾರಿಡಾರು ಖಾಲಿಯಾಗಲಿಲ್ಲ. ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಕಳಚಿಯೇ ಒಳಗೆ ಹೋಗಬೇಕು. ಈಗ ಹೊರಗೆ ಬಂದ ಮಕ್ಕಳೆಲ್ಲ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತಂತಮ್ಮ ಜೋಡಿ ಹುಡುಕುತ್ತಿದ್ದರು. ಒಬ್ಬ ಸಾವಧಾನವಾಗಿ ಶೂ ಲೇಸು ಕಟ್ಟುತ್ತಿದ್ದ. ಮೋಕ್ಷಿತಾ ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡಳು.

ಕೆಳಗೆ ಬಿಸಿಲಲ್ಲಿ ಕಾದು ಕೆಂಪಾಗಿದ್ದ ಲೋಕನಾಥ ಸರ್ ಸ್ವರ ಏರಿಸಲಿಲ್ಲ. "ನಿಮ್ಮವರು ಇಳಿದು ಬರುವಾಗ ಬೆಂಕಿ ಊಟ ಮುಗಿಸಿ ಕೈ ತೊಳೆದಾಗ್ತದೆ," ಎಂದರು. ಮುಂದಿನ ಸಲವೂ ಹೀಗಾದರೆ ಟೊಪ್ಪಿ ಒಂದನೇ ಮಹಡಿಯ ನಾಯಕ ಶಿಶಿರನಿಗೆ ಎಂದೂ ಸೇರಿಸಿದರು.

ಟೊಪ್ಪಿ ಹೋಗುವುದು ಅವಮಾನವೇ. ಆದರೆ ಅವಳ ನಿದ್ದೆ ಕೆಡಿಸಿದ್ದು ಬೇರೆ ಹೆದರಿಕೆ: ನಿಜವಾದ ಬೆಂಕಿ ಬಿದ್ದರೂ ಈ ಮಂಡೆ ಸರಿಯಿಲ್ಲದವರು ಚಪ್ಪಲಿಯನ್ನೇ ಹುಡುಕುತ್ತಾರಲ್ಲ! ಚಪ್ಪಲಿ ಹಾಕಿಯೇ ಲ್ಯಾಬಿಗೆ ಬಿಡಿ ಎಂದು ಕೇಳಿದರೆ ಲ್ಯಾಬಿನ ಕಾಂತಿ ಮೇಡಂ ಧೂಳಿನ ಮಾತೆತ್ತಿದರು. ಬಿಟ್ಟು ಓಡಿ ಎಂದರೆ ಮಕ್ಕಳು ತಲೆಯಾಡಿಸಿದರು, ಆಡಿಸಿದ್ದಷ್ಟೇ.

ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಸರ್ ಅವರ ಒಪ್ಪಿಗೆ ಪಡೆದು ಲ್ಯಾಬಿನ ಚಪ್ಪಲಿ ಸ್ಟ್ಯಾಂಡನ್ನು ಹೊತ್ತು ತಂದು ಮೈದಾನದ ಹಲಸಿನ ಮರದಡಿ ಇಟ್ಟಳು. ಗಂಟೆ ಬಾರಿಸಿದರೆ ಎಲ್ಲರೂ ಸೇರಬೇಕಾದ ಜಾಗವೂ ಅದೇ. ಲ್ಯಾಬಿಗೆ ಬರುವವರು ಅಲ್ಲಿಂದಲೇ ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಕಾಲೊರೆಸಿ ಒಳಗೆ ಹೋಗಬೇಕಾಯಿತು. ಇಡೀ ಕಾಲೇಜು ಅವಳಿಗೆ ಶಾಪ ಹಾಕಿತು. ಮುಂದಿನ ಅಣಕಿನಲ್ಲಿ ಮಾತ್ರ ಎರಡನೇ ಮಹಡಿ ಎಲ್ಲರಿಗಿಂತ ಮೊದಲು ಕೆಳಗಿತ್ತು. ಜೀವಕ್ಕಾಗಿ ಓಡದವರು ಚಪ್ಪಲಿಗಾಗಿ ಓಡಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಲ್ಯಾಬಿನ ಹಿಂದಿನ ಯುಪಿಎಸ್ ಕೋಣೆಯಿಂದ ನಿಜವಾಗಿಯೇ ಹೊಗೆ ಬಂತು. ಗಂಟೆ ಬಾರಿಸಿತು. ಮೋಕ್ಷಿತಾ ಎಲ್ಲರನ್ನೂ ಇಳಿಸಿ, ಲ್ಯಾಬಿನೊಳಗೆ ಇಣುಕಿ, ಸಾಲು ಕುರ್ಚಿಗಳು ಖಾಲಿ ಇದ್ದದ್ದನ್ನು ಕಂಡು ತಾನೂ ಇಳಿದಳು. ಮರದಡಿ ಸರ್ ಹೆಸರು ಕರೆದರು. ಎಲ್ಲರದ್ದೂ "ಪ್ರೆಸೆಂಟ್ ಸರ್" ಬಂತು. ಅವಳು ಹೆಮ್ಮೆಯಿಂದ ಟೊಪ್ಪಿ ಸರಿಮಾಡಿಕೊಂಡಳು.

ಆಗ ಸ್ಟ್ಯಾಂಡಿನಲ್ಲಿ ಒಂದು ಜೊತೆ ಉಳಿದದ್ದು ಕಣ್ಣಿಗೆ ಬಿತ್ತು. ನೀಲಿ ಪಟ್ಟಿಯ ಚಪ್ಪಲಿ, ಫರಂಗಿಪೇಟೆಯ ಸಜ್ನಾಳದ್ದು.

"ಸಜ್ನಾ ಎಲ್ಲಿ?"

ಸಜ್ನಾಳ ಗೆಳತಿ ತೃಷಾಳ ಮುಖ ಬಿಳಿಚಿತು. ಗೆಳತಿ ಕ್ಲಾಸಿಗೆ ಬಾರದ ದಿನಗಳಲ್ಲೆಲ್ಲ ಹಾಜರಿ ಹೇಳುವುದು ಅವಳಿಗೆ ರೂಢಿ. ಇವತ್ತೂ ಹೆಸರು ಕೇಳಿದ್ದೇ ತಡ, ನಾಲಗೆ ತಾನಾಗಿ ಓಡಿತ್ತು. "ಅವಳ ಪ್ರೆಸೆಂಟ್ ನಾನು ಹೇಳಿದ್ದು," ಎಂದು ಅಳತೊಡಗಿದಳು.

ಮೋಕ್ಷಿತಾಳಿಗೆ ಆಗ ನೆನಪಾಯಿತು: ಲ್ಯಾಬಿನ ಮೂಲೆಯಲ್ಲಿ, ಹೊರಬಾಗಿಲಿನಿಂದ ಕಾಣದ ಹಾಗೆ, ಇಂಗ್ಲಿಷ್ ಕೇಳಿ ಅಭ್ಯಾಸ ಮಾಡುವ ಗಾಜಿನ ಗೂಡೊಂದಿತ್ತು. ಅದರ ಬಾಗಿಲು ಅವಳು ತೆರೆದು ನೋಡಿರಲಿಲ್ಲ. ಮೆಟ್ಟಿಲಿನತ್ತ ಓಡಿದವಳನ್ನು ಲೋಕನಾಥ ಸರ್ ತೋಳು ಹಿಡಿದು ನಿಲ್ಲಿಸಿದರು. ಮಕ್ಕಳು ಯಾರೂ ಮತ್ತೆ ಒಳಗೆ ಹೋಗಬಾರದೆಂಬುದು ಅವಳೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ ನಿಯಮ. ಸರ್ ಮತ್ತು ವಾಚ್‌ಮನ್ ಭೋಜ ಮೇಲಕ್ಕೆ ಓಡಿದರು.

ಸ್ವಲ್ಪ ಹೊತ್ತಿಗೆ ಇಬ್ಬರ ನಡುವೆ ಸಜ್ನಾ ಕೆಮ್ಮುತ್ತಾ ಇಳಿದು ಬಂದಳು. ಹೆಡ್‌ಫೋನ್ ಇನ್ನೂ ಕುತ್ತಿಗೆಯಲ್ಲಿತ್ತು. ಬೈಯುವ ಬದಲು ಮೋಕ್ಷಿತಾ ಸ್ಟ್ಯಾಂಡಿನಿಂದ ಆ ನೀಲಿ ಚಪ್ಪಲಿ ತೆಗೆದು, ಬಗ್ಗಿ, ಅವಳ ಕಾಲ ಬುಡದಲ್ಲಿ ಇಟ್ಟಳು.

"ಎಂತ ಮಾರಾಯ್ತಿ, ನನ್ನ ಚಪ್ಪಲಿ ನೀನು ಮುಟ್ಟುವುದಾ?" ಎಂದು ಸಜ್ನಾ ಹಿಂದೆ ಸರಿದಳು.

"ನೀನು ಸುಮ್ಮನೆ ಹಾಕು," ಎಂದಳು ಮೋಕ್ಷಿತಾ. ಎರಡೂ ಪಟ್ಟಿಯೊಳಗೆ ಸಜ್ನಾಳ ಬೆರಳುಗಳು ಸರಿಯಾಗಿ ಸೇರುವವರೆಗೂ ತಲೆ ಎತ್ತಲಿಲ್ಲ.