ಒಂದು ಕೈ ನೋಡಿದ ಟೈಲರಕ್ಕ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕೀಲಿ ಮಾಡುವವನ ಗೂಡಂಗಡಿಗೆ ಅಂಟಿಕೊಂಡಂತಿದ್ದ ಹೊಲಿಗೆ ಅಂಗಡಿಯಲ್ಲಿ ಅವಳು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಮನೆಯವರನ್ನು ಬಿಟ್ಟು ಉಳಿದವರಿಗೆಲ್ಲ ಅವಳು ಟೈಲರಕ್ಕ. ಗಿರಾಕಿ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಭುಜದ ಅಳತೆಯನ್ನು ಕಣ್ಣಲ್ಲೇ ಹಿಡಿದುಬಿಡುತ್ತಾಳೆ ಎಂದು ಮಾಲೀಕ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಾಗ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಎರಡು ತಿಂಗಳಲ್ಲಿ ಮಾತು ಸರಿಹೋಯಿತು, ಕಾಲೂ ಸರಿಹೋಯಿತು. ಎಡಗೈ ಮಾತ್ರ ಏನು ಮಾಡಿದರೂ ಹೇಳಿದ ಮಾತು ಕೇಳಲಿಲ್ಲ.

ಲೋಕದಲ್ಲಿ ಎಲ್ಲವನ್ನೂ ಎರಡು ಕೈಯವರಿಗೆಂದೇ ಮಾಡಿಟ್ಟಿದ್ದಾರೆ ಎನ್ನುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳಿಗೆ ಗೊತ್ತಾಯಿತು. ಟೂತ್‌ಪೇಸ್ಟಿನ ಮುಚ್ಚಳ, ಹಾಲಿನ ಪ್ಯಾಕೆಟ್ಟು, ಅಂಗಿಯ ಗುಂಡಿ. ಸಾವಿರಾರು ಗುಂಡಿ ಹೊಲಿದವಳು ತನ್ನದೊಂದು ಗುಂಡಿ ಹಾಕಿಕೊಳ್ಳಲು ಮಗಳನ್ನು ಕೂಗಬೇಕಾಗಿ ಬಂತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಕೆಲಸಕ್ಕೆ ಹೊರಡುವ ಮುನ್ನ ಪಾಪ, ಅಡುಗೆಮನೆಯ ಡಬ್ಬಿಗಳ ಮುಚ್ಚಳವನ್ನೆಲ್ಲ ಸಡಿಲ ಮಾಡಿಟ್ಟು ಹೋಗುತ್ತಿದ್ದ. ಒಂದು ಭಾನುವಾರ ಅವಳು ಗೊತ್ತಿಲ್ಲದೆ ಸಕ್ಕರೆ ಡಬ್ಬಿಯನ್ನು ಮುಚ್ಚಳ ಹಿಡಿದೇ ಎತ್ತಿದಳು. ಸಕ್ಕರೆಯೆಲ್ಲ ನೆಲದ ಪಾಲಾಯಿತು.

"ಬಿಗಿ ಇದ್ರೂ ಕಷ್ಟ, ಸಡಿಲ ಇದ್ರೂ ಕಷ್ಟ," ಎಂದು ಗಂಡ ಪೊರಕೆ ಹಿಡಿದು ನಕ್ಕ. ಅವಳಿಗೆ ನಗು ಬರಲಿಲ್ಲ.

ಆ ಮಧ್ಯಾಹ್ನ ಮೊಬೈಲಿನಲ್ಲಿ, ಒಂದೇ ಕೈಯಲ್ಲಿ ಈರುಳ್ಳಿ ಹೆಚ್ಚುವುದು ಹೇಗೆ ಎಂದು ಹುಡುಕಿದಳು. ಆನ್‌ಲೈನ್ ಅಂಗಡಿಯೊಂದರಲ್ಲಿ ವಿಚಿತ್ರವಾದ ಮಣೆ ಕಾಣಿಸಿತು. ನಡುವೆ ನಾಲ್ಕು ಸ್ಟೀಲ್ ಮೊಳೆಗಳು ಮೇಲಕ್ಕೆ ಮುಖ ಮಾಡಿ ನಿಂತಿದ್ದವು. ಈರುಳ್ಳಿಯನ್ನು ಅವುಗಳಿಗೆ ಚುಚ್ಚಿ ನಿಲ್ಲಿಸಿದರೆ ಇನ್ನೊಂದು ಕೈಯಿಂದ ಹಿಡಿಯುವ ಅಗತ್ಯವೇ ಇಲ್ಲ. ಮಣೆ ಮನೆಗೆ ಬಂದ ದಿನ ಮೂರು ಈರುಳ್ಳಿ ಹೆಚ್ಚಿ, ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದಾಗ ಮಗಳು ಕಾಲೇಜಿನಿಂದ ಬಂದಳು.

"ಅಯ್ಯೋ, ಯಾಕಮ್ಮಾ ಅಳ್ತಿದ್ದೀಯ?"

"ಈರುಳ್ಳಿ ಕಣೇ. ಎಷ್ಟು ದಿನ ಆಗಿತ್ತು ಈರುಳ್ಳಿಗೆ ಅಂತ ಅತ್ತು!"

ಮಗಳು ಮಣೆಯ ಫೋಟೊ ತೆಗೆದಳು. "ಇದರ ಬಗ್ಗೆ ನೀನು ಬರಿಯಮ್ಮ. ನಿನ್ನ ಥರದೋರು ಎಷ್ಟೋ ಜನ ಇರ್ತಾರೆ. ಒಂದು ಬ್ಲಾಗ್ ಮಾಡಿಕೊಡ್ತೀನಿ. ಹೆಸರು ಏನಿಡೋಣ?"

"ಒಂದು ಕೈ ನೋಡೇಬಿಡೋಣ," ಎಂದಳು ತಾಯಿ. ಆಮೇಲೆ ತಾನು ಹೇಳಿದ್ದು ತನಗೇ ಹೊಳೆದು ಬಿದ್ದುಬಿದ್ದು ನಕ್ಕಳು. ಹೆಸರು ಅದೇ ಆಯಿತು.

ಪ್ರತಿ ಶನಿವಾರ ಒಂದೊಂದು ವಸ್ತು. ತೂತಿನೊಳಗಿಂದ ಗುಂಡಿಯನ್ನು ಎಳೆದು ತರುವ ತಂತಿಯ ಕೊಕ್ಕೆ, ತಟ್ಟೆ ಜಾರದಂತೆ ಹಿಡಿಯುವ ರಬ್ಬರ್ ಹಾಸು, ಗಂಟು ಹಾಕಬೇಕಿಲ್ಲದ ಎಲಾಸ್ಟಿಕ್ ಶೂ ಲೇಸು. ಬಟ್ಟೆ ಪರೀಕ್ಷಿಸುವವಳ ಹಾಗೇ ಬರೆಯುತ್ತಿದ್ದಳು: ಅಂಚು ಒರಟು, ಬಣ್ಣ ಸುಮಾರು, ಕೆಲಸ ಮಾತ್ರ ಗಟ್ಟಿ. ಮೊದಲ ತಿಂಗಳು ಓದಿದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನೆಂಟರು. ವರ್ಷ ಕಳೆಯುವಷ್ಟರಲ್ಲಿ ಪ್ರತಿಕ್ರಿಯೆ ಓದುವುದಕ್ಕೇ ಅವಳಿಗೆ ಅರ್ಧ ದಿನ ಬೇಕಾಗುತ್ತಿತ್ತು.

ನಿವೃತ್ತ ಬಸ್ ಡ್ರೈವರ್ ಒಬ್ಬರು ಬರೆದರು: "ಶೂ ಲೇಸು ತರಿಸಿಕೊಂಡೆ, ಚೆನ್ನಾಗಿದೆ. ನನ್ನ ಹೆಂಡತಿಗೆ ಮಾತ್ರ ಬೇಜಾರು. ದಿನಾ ಶೂ ಕಟ್ಟುವಾಗ ನನ್ನನ್ನು ಬೈಯುತ್ತಿದ್ದಳು, ಈಗ ಬೈಯೋಕೆ ಬೇರೆ ಹೊತ್ತು ಹುಡುಕ್ತಿದ್ದಾಳೆ." ಇನ್ನೊಬ್ಬಳು ಕೇಳಿದಳು: "ನನಗೆ ಎರಡೂ ಕೈ ಸರಿ ಇವೆ ಅಕ್ಕ, ಆದರೆ ಒಂದರಲ್ಲಿ ಸದಾ ಮಗು ಇರುತ್ತೆ. ನಾನೂ ಓದಬಹುದಾ?" ಅದಕ್ಕೆ ಟೈಲರಕ್ಕ ಕೊಟ್ಟ ಉತ್ತರ: "ನೀನೇ ಮೊದಲು ಓದಬೇಕಾದವಳು."

ಎರಡನೆಯ ವರ್ಷ ಒಂದು ಕಂಪನಿ ತಾನಾಗಿ ಪಾರ್ಸಲ್ ಕಳಿಸಿತು. ಬಚ್ಚಲುಮನೆಯ ಗೋಡೆಗೆ ಒತ್ತಿದರೆ ಮೊಳೆ ಇಲ್ಲದೆ ಅಂಟಿಕೊಳ್ಳುವ ಹಿಡಿ. ಎರಡು ತುದಿಗೂ ರಬ್ಬರ್ ಬಟ್ಟಲು. ಅವಳು ಟೈಲ್ಸಿಗೆ ಒತ್ತಿ, ಎರಡು ಸಲ ಜಗ್ಗಿ ನೋಡಿ, ಅದೇ ದಿನ ಬರೆದಳು: "ಬಂಡೆಯ ಹಾಗೆ ನಿಂತಿದೆ. ಕಣ್ಣುಮುಚ್ಚಿ ತಗೊಳ್ಳಿ."

"ಬಿಟ್ಟಿ ಬಂದಿದ್ದು ಅಂತ ಹಾಕೋದಲ್ವಾಮ್ಮ?" ಎಂದು ಮಗಳು ಕೇಳಿದಳು.

"ಚೆನ್ನಾಗಿದೆ ಅಂದ್ಮೇಲೆ ಹೇಗೆ ಬಂದ್ರೇನು ಬಿಡೇ."

ಮೂರು ವಾರದ ನಂತರ ಒಂದು ಪ್ರತಿಕ್ರಿಯೆ ಬಂತು. "ನಿಮ್ಮ ಮಾತು ನಂಬಿ ನಮ್ಮಮ್ಮನ ಬಚ್ಚಲುಮನೆಗೆ ಆ ಹಿಡಿ ಹಾಕಿದೆ. ನಿನ್ನೆ ಅದು ಕಿತ್ತು ಬಂದು ಅಮ್ಮ ಬಿದ್ದರು. ಬಲ ಮಣಿಕಟ್ಟು ಮುರಿದಿದೆ." ಕೆಳಗೆ ಒಂದು ಫೋನ್ ನಂಬರ್ ಇತ್ತು.

ಟೈಲರಕ್ಕ ಎದ್ದು ತನ್ನ ಬಚ್ಚಲುಮನೆಗೆ ಹೋದಳು. ಹಿಡಿಯನ್ನು ಮೆಲ್ಲಗೆ ಎಳೆದಳು. ಅದು ಸದ್ದಿಲ್ಲದೆ ಕೈಗೆ ಬಂತು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

"ಅದು ಕಂಪನಿಯೋರ ತಪ್ಪು. ನೀನ್ಯಾಕೆ ಕೊರಗ್ತೀಯ?" ಎಂದ ಗಂಡ.

"ಅವರು ಕಂಪನಿ ಮಾತು ನಂಬಿ ತಗೊಂಡಿದ್ದಲ್ಲ ರೀ. ನನ್ನ ಮಾತು ನಂಬಿ ತಗೊಂಡಿದ್ದು."

ಗಂಡ ಹೇಳಿದ: "ಲಿಫ್ಟಿನ ಹಗ್ಗಾನ ನಾವು ಒಂದು ಸಲ ಜಗ್ಗಿ ಬಿಟ್ಟುಬಿಡಲ್ಲ. ಭಾರ ಹಾಕಿ ನೋಡ್ತೀವಿ. ತಿಂಗಳು ತಿಂಗಳು ನೋಡ್ತಾನೇ ಇರ್ತೀವಿ."

ಅವಳು ಹಿಡಿಯನ್ನು ಮತ್ತೆ ಗೋಡೆಗೆ ಒತ್ತಿ, ಅರ್ಧ ಬಕೆಟ್ ನೀರು ತೂಗುಹಾಕಿದಳು. ಬೆಳಿಗ್ಗೆ ಸಂಜೆ ಹೋಗಿ ನೋಡಿದಳು. ಒಂಬತ್ತನೆಯ ದಿನ ಬಕೆಟ್ ದಡಾರನೆ ಬಿತ್ತು. ಅಂದೇ ಕೂತು ಎಲ್ಲವನ್ನೂ ಬರೆದಳು: ವಸ್ತು ಬಿಟ್ಟಿ ಬಂದಿದ್ದು, ಅದನ್ನು ತಾನು ಮುಚ್ಚಿಟ್ಟಿದ್ದು, ಒಂದೇ ದಿನ ನೋಡಿ ಹೊಗಳಿದ್ದು, ಒಬ್ಬ ತಾಯಿ ಬಿದ್ದಿದ್ದು. ಹಾಕಿದವರು ಈಗಲೇ ತೆಗೆದುಬಿಡಿ ಎಂದು ದಪ್ಪಕ್ಷರದಲ್ಲಿ ಸೇರಿಸಿದಳು.

"ಹಿಂದೆ ಬರೆದಿದ್ದೆಲ್ಲ ಬಿಟ್ಟಿನೇ ಇರಬೇಕು," ಎಂದವರಿದ್ದರು. ಕೆಲವರು ಹೇಳದೆ ಕೇಳದೆ ಬಿಟ್ಟುಹೋದರು. ಡ್ರೈವರ್ ಬರೆದರು: "ಬ್ರೇಕ್ ಹಿಡೀತಿಲ್ಲ ಅಂತ ಬಾಯಿಬಿಟ್ಟು ಹೇಳೋ ಡ್ರೈವರ್ ಬಸ್ಸೇ ನನಗೆ ವಾಸಿ. ನಾನು ಇಳಿಯಲ್ಲ."

ಆಮೇಲೆ ಅವಳು ಆ ನಂಬರಿಗೆ ಫೋನ್ ಮಾಡಿದಳು. ಪ್ರತಿಕ್ರಿಯೆ ಬರೆದಿದ್ದ ಮಗಳು ಎತ್ತಿಕೊಂಡು, "ಈಗ ಮಾತಾಡಿ ಏನು ಪ್ರಯೋಜನ?" ಎಂದಳು. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಗಟ್ಟಿ ದನಿ ಬಂತು, ಫೋನ್ ಕೈ ಬದಲಾಯಿತು.

"ಟೈಲರಕ್ಕ ಅಂದ್ರೆ ನೀವೇನಾ? ಬೈಯೋದು ಬಾಕಿ ಇದೆ, ಆಮೇಲೆ ಬೈತೀನಿ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ. ಎಡಗೈಲಿ ಗುಂಡಿ ಹಾಕೋದು ಹೇಗೆ, ಅದನ್ನ ಮೊದಲು ಹೇಳಿ."

ಆ ಗಟ್ಟಿ ದನಿ ಬಿದ್ದ ತಾಯಿಯದೇ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಟೀಚರ್. ಭಾನುವಾರ ಗಂಡ ಹೆಂಡತಿ ಎರಡು ಬಸ್ ಬದಲಿಸಿ ಅವರ ಮನೆಗೆ ಹೋದರು. ಅವಳ ಚೀಲದಲ್ಲಿ ಕೊಕ್ಕೆ ಮತ್ತು ರಬ್ಬರ್ ಹಾಸು, ಅವನ ಚೀಲದಲ್ಲಿ ಡ್ರಿಲ್ ಯಂತ್ರ ಮತ್ತು ಸ್ಟೀಲ್ ಸರಳು. ಬಾಗಿಲು ತೆಗೆದ ಮಗಳು ನಗಲಿಲ್ಲ. ಅವನು ಬಚ್ಚಲುಮನೆಯ ಗೋಡೆ ಕೊರೆದು, ಸರಳನ್ನು ಬಿಗಿದು, ಕಾಲು ಮಡಚಿ ತನ್ನ ಪೂರ್ತಿ ಭಾರವನ್ನು ಅದರ ಮೇಲೆ ಹಾಕಿ ನೇತಾಡಿದ. ಅದನ್ನು ನೋಡಿದ ಮೇಲೆ ಆ ಮಗಳು ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು.

ಟೀಚರ್ ಬಾಕಿ ಇದ್ದದ್ದನ್ನು ತೀರಿಸಿದರು. "ಒಂದೇ ದಿನ ಪರೀಕ್ಷೆ ಮಾಡಿ ನೂರಕ್ಕೆ ನೂರು ಕೊಟ್ಟುಬಿಟ್ರಾ? ನನ್ನ ಇಡೀ ಸರ್ವೀಸಲ್ಲಿ ಯಾರಿಗೂ ಹಾಗೆ ಕೊಟ್ಟಿಲ್ಲ ನಾನು!"

"ತಪ್ಪಾಯ್ತು ಟೀಚರ್," ಎಂದಳು ಟೈಲರಕ್ಕ. "ಇನ್ಮೇಲೆ ಅಂಕ ನೀವೇ ಕೊಡಿ."

ತಮಾಷೆಗೆ ಆಡಿದ ಮಾತನ್ನು ಟೀಚರ್ ಗಟ್ಟಿಯಾಗಿ ಹಿಡಿದುಕೊಂಡರು. ಈಗ ಯಾವ ವಸ್ತುವೇ ಆಗಲಿ, ಟೈಲರಕ್ಕನ ಮನೆಯಲ್ಲಿ ಹದಿನೈದು ದಿನ, ಟೀಚರ್ ಮನೆಯಲ್ಲಿ ಹದಿನೈದು ದಿನ ಇದ್ದು ಬರಬೇಕು. ಕೊಂಡಿದ್ದೋ ಬಿಟ್ಟಿ ಬಂದಿದ್ದೋ ಎನ್ನುವುದು ಮೊದಲ ಸಾಲಿನಲ್ಲೇ ಇರುತ್ತದೆ. ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾದರೂ ಟೀಚರ್ ಪರೀಕ್ಷೆಯ ಹೊತ್ತಿನಲ್ಲಿ ಬಲಗೈಯನ್ನು ಹಟ ಹಿಡಿದು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಅಂಕ ಮಾತ್ರ ಎಂಬತ್ತು ದಾಟಿಲ್ಲ. ಬಿಟ್ಟುಹೋದ ಓದುಗರಲ್ಲಿ ಕೆಲವರು ಅಂಕ ನೋಡುವುದಕ್ಕೆಂದೇ ವಾಪಸ್ ಬಂದಿದ್ದಾರೆ.

ಮಗು ಎತ್ತಿಕೊಂಡು ಓದುವವಳು ಕಳೆದ ತಿಂಗಳು ಕೇಳಿದಳು: "ಹೊರಗೆ ತೋರಿಕೆಗೆ ಗುಂಡಿ, ಒಳಗೆ ಒತ್ತಿದ್ರೆ ಅಂಟೋ ವೆಲ್ಕ್ರೊ ಪಟ್ಟಿ ಇರೋ ಅಂಗಿ ಆನ್‌ಲೈನಲ್ಲಿ ಎಲ್ಲಾದ್ರೂ ಸಿಗುತ್ತಾ ಅಕ್ಕ?" ಟೈಲರಕ್ಕ ಮೂರು ದಿನ ಹುಡುಕಿದಳು. ಒಳ್ಳೆಯದು ಒಂದೂ ಸಿಗಲಿಲ್ಲ. ನಾಲ್ಕನೆಯ ದಿನ ಹಳೆಯ ಅಂಗಡಿಗೆ ಹೋಗಿ, ತಾನು ಕೂರುತ್ತಿದ್ದ ಕಿಟಕಿ ಪಕ್ಕದ ಮೆಷಿನ್ ಖಾಲಿ ಇದೆಯಾ ಎಂದು ಮಾಲೀಕನನ್ನು ಕೇಳಿದಳು. ಬಟ್ಟೆ ಸರಿಯದಂತೆ ಕ್ಲಿಪ್ಪುಗಳನ್ನು ಕಚ್ಚಿಸಿ, ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಭಾರಕ್ಕಿಟ್ಟು, ಒಂದು ಅಂಗಿಗೆ ಆರು ದಿನ ತೆಗೆದುಕೊಂಡಳು. ಅದನ್ನು ಮೊದಲು ತೊಟ್ಟವರು ಟೀಚರ್. ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ ನೋಡಿ, "ಎಪ್ಪತ್ತೊಂದು. ತೋಳು ಗಿಡ್ಡ," ಎಂದರು.

ಟೈಲರಕ್ಕ ಅಲ್ಲೇ ಅಳತೆ ಪಟ್ಟಿಯ ಒಂದು ತುದಿಯನ್ನು ಟೀಚರ್ ಬೆರಳಿಗೆ ಕೊಟ್ಟು, ಇನ್ನೊಂದನ್ನು ಅವರ ಭುಜದವರೆಗೆ ಎಳೆದಳು.