ಅಂಚೆಯವರ ಎಡಗಾಲು

ರೇಸ್ ಟ್ರ್ಯಾಕಿನ ಹಿಂದಿನ ಬೀದಿಯಲ್ಲಿ ನಾನು ಬೈಕ್ ಸೀಟು ಹೊಲಿಯುವವನು. ಸೀಟು ಸರಿಯಿಲ್ಲ ಎಂದು ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕೂರುವುದೇ ಗೊತ್ತಿರುವುದಿಲ್ಲ. ಹಾಗೆಂದು ಮುಖದ ಮೇಲೇ ಹೇಳುತ್ತೇನೆ, ಅದಕ್ಕೇ ಗಿರಾಕಿಗಳು ಕಡಿಮೆ.

ತೊಕುಮಾರು ಶಿಗೆಯೊ ನಮ್ಮೂರಿನ ಅಂಚೆಯವರು. ಇಪ್ಪತ್ತೊಂಬತ್ತು ವರ್ಷ ಮೊಪೆಡ್ಡಿನಂಥ ಕೆಂಪು ಅಂಚೆ ಗಾಡಿಯಲ್ಲಿ ಓಡಾಡಿ ಒಂದು ಸಲವೂ ಬೀಳದ ಮನುಷ್ಯ. ಐವತ್ತೆರಡನೇ ವಯಸ್ಸಿಗೆ ನೀಲಿ ಸ್ಪೋರ್ಟ್ಸ್ ಬೈಕ್ ಕೊಂಡು, ಭಾನುವಾರ ಭಾನುವಾರ ಟ್ರ್ಯಾಕಿಗೆ ಹೋಗಿ, ಎರಡೇ ತಿಂಗಳಲ್ಲಿ ಎರಡು ಸಲ ಬಿದ್ದರು. ಹೆಂಡತಿ ಸನಾಯೆ ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಂದು ಸಲ ಬಿದ್ದರೆ ನೀಲಿ ಬೈಕ್ ಮನೆಯಲ್ಲಿರುವುದಿಲ್ಲ.

"ಸೀಟು ಜಾರುತ್ತೆ ಯಜಮಾನ್ರೇ," ಎಂದು ಬಂದರು. ಒರಟು ಬಟ್ಟೆ ಹೊದಿಸಿಕೊಟ್ಟೆ. ವಾರ ಬಿಟ್ಟು ಮತ್ತೆ ಬಂದರು.

"ಈಗ ಅಂಟ್ಕೊಂಡ್ಬಿಡುತ್ತೆ. ತಿರುವಲ್ಲಿ ಸೊಂಟ ಪಕ್ಕಕ್ಕೆ ಸರಿಸೋಕೇ ಆಗಲ್ಲ. ಟ್ರ್ಯಾಕಿನ ಮೇಷ್ಟ್ರು ಸರೀರಿ ಅಂತಾರೆ, ಅಲ್ಲಾಡಬೇಡಿ ಅಂತಾನೂ ಅಂತಾರೆ. ಯಾವ ಮಾತು ಕೇಳ್ಲಿ?"

ಮುಂದೆ ನುಣುಪು, ಹಿಂದೆ ಒರಟು ಮಾಡಿಕೊಟ್ಟೆ. ಬ್ರೇಕ್ ಹಾಕಿದರೆ ಟ್ಯಾಂಕಿಗೆ ಹೋಗಿ ಬಡಿಯುತ್ತೇನೆ ಎಂದರು. ನನಗೂ ತಲೆ ಕೆಟ್ಟುಹೋಯಿತು. ಬೈಕನ್ನು ಸ್ಟ್ಯಾಂಡಿಗೆ ಹಾಕಿ ಅವರನ್ನು ಹತ್ತಿಸಿದೆ.

"ಬ್ರೇಕ್ ಹಾಕಿ, ನೋಡೋಣ."

ಹಾಕಿದರು. ಮೊಣಕಾಲು ಎರಡೂ ಅಗಲವಾದವು, ಸೊಂಟ ಎಡಕ್ಕೆ ಸರಿಯಿತು, ಎಡಗಾಲು ನೆಲ ಹುಡುಕಿತು.

"ಯಾರ ಮನೆಗೆ ಕಾಗದ ಕೊಡ್ತಿದೀರಿ?"

ಅವರಿಗೆ ಅರ್ಥವಾಗಲಿಲ್ಲ. ದಿನಕ್ಕೆ ಐನೂರು ಮನೆ ಮುಂದೆ ಬ್ರೇಕ್ ಹಾಕಿ ಎಡಕ್ಕೆ ಇಳಿದ ಮೈ ಅದು. ಅಂಚೆ ಗಾಡಿಯಲ್ಲಿ ಮೊಣಕಾಲಿನ ನಡುವೆ ಹಿಡಿಯಲು ಟ್ಯಾಂಕೇ ಇಲ್ಲ. ಬಿದ್ದದ್ದೆಲ್ಲಿ ಎಂದೆ. ಎರಡು ಸಲವೂ ಬಲ ತಿರುವಿನಲ್ಲಂತೆ. ಬಲಕ್ಕೆ ವಾಲಬೇಕಾದ ಹೊತ್ತಿಗೆ ಮೈ ಎಡಕ್ಕೆ ಇಳಿಯಲು ಹೊರಡುತ್ತಿತ್ತು.

"ಸೀಟಿನ ತಪ್ಪಲ್ಲ ಮಾರಾಯ್ರೇ. ಬ್ರೇಕ್ ಹಾಕ್ದಾಗ ತೊಡೆಯಲ್ಲಿ ಟ್ಯಾಂಕ್ ಒತ್ತಿ ಹಿಡೀರಿ. ಕೈ ಸಡಿಲ ಬಿಡಿ. ಪಾದ ಮಾತ್ರ ಫುಟ್‌ರೆಸ್ಟ್ ಬಿಟ್ಟು ಅಲ್ಲಾಡಬಾರ್ದು. ಮೈಗೆ ಹತ್ತೋವರೆಗೂ ದಿನಾ ಅಭ್ಯಾಸ ಮಾಡಿ."

ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ದಿನಾ ಎಂದರೆ ಕೆಲಸದ ದಿನವೂ ಎಂದುಕೊಂಡು ಅಂಚೆ ಗಾಡಿಯ ಮೇಲೂ ತೊಡೆ ಬಿಗಿ ಹಿಡಿಯತೊಡಗಿದರು. ಮೂರನೇ ಭಾನುವಾರ ಬಲ ತಿರುವನ್ನು ಸಲೀಸಾಗಿ ದಾಟಿದರು, ಮೇಷ್ಟ್ರು ಚಪ್ಪಾಳೆ ತಟ್ಟಿದರಂತೆ. ಸೋಮವಾರ ತೋಫು ಅಂಗಡಿಯ ಮುಂದೆ ಅಂಚೆ ಗಾಡಿ ನಿಲ್ಲಿಸಿದರು. ತೊಡೆ ಬಿಗಿ, ಕೈ ಸಡಿಲ, ಪಾದ ಎರಡೂ ಮೇಲೇ. ಗಾಡಿ ಸಮೇತ ಉರುಳಿಬಿದ್ದರು.

ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ನನ್ನ ಅಂಗಡಿಯಲ್ಲಿ.

"ನಾ ಬಿದ್ದಿದ್ದು ಕೆಂಪು ಗಾಡಿಯಿಂದ ಕಣೇ."

"ಇಪ್ಪತ್ತೊಂಬತ್ತು ವರ್ಷ ಬೀಳದೋರು ಈಗ್ಯಾಕೆ ಬಿದ್ರಿ? ನೀಲಿದು ಕಲಿಸಿದ್ದಕ್ಕೆ ತಾನೇ?"

ತೊಕುಮಾರು ನನ್ನ ಮುಖ ನೋಡಿದರು. ಕಲಿಸಿದವನು ನಾನೇ. ನಾಚಿಕೆಯಾಯಿತು.

ನೀಲಿ ಬೈಕಿಗೆ ಕೊಳ್ಳುವವರು ಸಿಕ್ಕಿದರು. ಮೊದಲಿನ ಹೊದಿಕೆ ಹಾಕಿಸಲು ತಂದಾಗ ತೊಕುಮಾರು ಕೊನೆಗೊಮ್ಮೆ ಹತ್ತಿ ಕೂತರು. ನಾನು ಹೇಳದಿದ್ದರೂ ತಾವೇ ಬ್ರೇಕ್ ಹಾಕಿದರು. ತೊಡೆ ಟ್ಯಾಂಕನ್ನು ಹಿಡಿಯಿತು, ಎಡಗಾಲು ಮಿಸುಕಲಿಲ್ಲ. ಅಷ್ಟು ಚೆನ್ನಾಗಿ ಕೂತವರನ್ನು ಈ ಅಂಗಡಿಯಲ್ಲಿ ನಾನು ಕಂಡಿಲ್ಲ.

ಇಳಿದವರು ಹೋಗದೆ ಬಾಗಿಲಲ್ಲೇ ನಿಂತರು.

"ನಾಳೆ ಐನೂರು ಮನೆ ಇದೆ ಯಜಮಾನ್ರೇ," ಎಂದರು. "ಇದನ್ನ ಮರೆಯೋದು ಹೇಗೆ ಅಂತಾನೂ ಸ್ವಲ್ಪ ಹೇಳಿಕೊಡ್ತೀರಾ?"