ಪ್ಲಾನಿಮೀಟರಿಗೆ ಹಚ್ಚಿದ ಗಂಧ

ಇಷ್ಟು ವರ್ಷವಾದರೂ ಆ ಪ್ಲಾನಿಮೀಟರ್ ನೆನಪಾದರೆ ನನಗೆ ಮೈ ಉರಿಯುತ್ತದೆ. ಯಂತ್ರದ ತಪ್ಪೇನಿಲ್ಲ, ಪಾಪ. ಎರಡು ಹಿತ್ತಾಳೆಯ ಕೈ, ಒಂದು ಪುಟ್ಟ ಚಕ್ರ. ಒಂದು ಕೈಯ ಮೊನೆಯನ್ನು ನಕ್ಷೆಯ ಗಡಿಗೆರೆಯ ಮೇಲೆ ಒಂದು ಸುತ್ತು ನಡೆಸಿದರೆ, ಚಕ್ರ ಉರುಳಿ ಒಳಗಿನ ಜಾಗದ ವಿಸ್ತೀರ್ಣ ಹೇಳುತ್ತಿತ್ತು. ಆಕಾರ ಎಷ್ಟೇ ಅಂಕುಡೊಂಕಾಗಿದ್ದರೂ ಸರಿ.

ಅರವತ್ತರ ದಶಕದಲ್ಲಿ ನಾನು ಪುತ್ತೂರಿನ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ಟ್ರೇಸರ್. ನಕ್ಷೆಗಳನ್ನು ಶಾಯಿಯಲ್ಲಿ ನಕಲು ಮಾಡುವವಳು. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಪ್ಲಾನಿಮೀಟರ್ ಇದ್ದದ್ದು ಹೆಡ್ ಡ್ರಾಫ್ಟ್ಸ್‌ಮನ್ನರ ಕಪಾಟಿನಲ್ಲಿ. ನಾನು ಮುಟ್ಟುವ ಹಾಗಿಲ್ಲ. ಆಯುಧ ಪೂಜೆಯ ದಿನ ಮಾತ್ರ ಅದು ಎಲ್ಲರಿಗೂ ದರ್ಶನ ಕೊಡುತ್ತಿತ್ತು. ಹೆಡ್ಡು ಮಿಂದು ಬಂದು, ಸ್ಕೇಲು ಕಂಪಾಸುಗಳ ಮಧ್ಯೆ ಅದನ್ನಿಟ್ಟು ಧಾರಾಳವಾಗಿ ಗಂಧ ಹಚ್ಚುತ್ತಿದ್ದರು. ಒಂದು ವರ್ಷ ಕೈಗೂ ಹಚ್ಚಿದರು, ಚಕ್ರಕ್ಕೂ ಹಚ್ಚಿದರು.

ಆ ವರ್ಷ ಪೂಜೆಯ ಮರುವಾರವೇ ಗುತ್ತಿಗಾರಿನ ಕಡೆಯ ಒಂದು ಹೊಳೆಗೆ ಸೇತುವೆಯ ಕೆಲಸ ಬಂತು. ನನ್ನ ಅಕ್ಕ ಆ ಹೊಳೆಯಾಚೆಯ ಶಾಲೆಯಲ್ಲಿ ಟೀಚರ್. ಮಳೆಗಾಲವಿಡೀ ಅಡಿಕೆ ಮರ ಅಡ್ಡ ಹಾಕಿದ ಸಂಕದ ಮೇಲೆ ಮಕ್ಕಳನ್ನು ಕೈ ಹಿಡಿದು ದಾಟಿಸುವವಳು. ಎಷ್ಟು ಜಾಗದ ನೀರು ಹೊಳೆಗೆ ಇಳಿಯುತ್ತದೆ ಎಂದು ನಕ್ಷೆಯಲ್ಲಿ ಅಳೆದು, ನೀರು ಹೋಗಲು ಸೇತುವೆಗೆ ಎಷ್ಟು ಕಣ್ಣು ಬೇಕೆಂದು ತೀರ್ಮಾನ ಮಾಡುವುದು ಕ್ರಮ. ಹೆಡ್ಡು ಅಳೆದರು. ಎರಡು ಕಣ್ಣು ಸಾಕು ಎಂದಾಯಿತು.

ಎರಡೇ? ಆ ಹೊಳೆ ನನಗೆ ಗೊತ್ತಿಲ್ಲವೇ! ಊಟದ ಹೊತ್ತಿನಲ್ಲಿ ಟ್ರೇಸಿಂಗ್ ಕಾಗದಕ್ಕೆ ಚೌಕ ಎಳೆದು, ನಕ್ಷೆಯ ಮೇಲೆ ಹಾಸಿ ಒಂದೊಂದೇ ಎಣಿಸಿದೆ. ಅವರು ಹೇಳಿದ್ದಕ್ಕಿಂತ ಜಾಗ ಕಾಲು ಪಾಲು ಹೆಚ್ಚಿತ್ತು. ಮೂರು ಕಣ್ಣೇ ಬೇಕು.

“ಎಂತ ಮಾರಾಯ್ತಿ, ಚೌಕ ಎಣಿಸುದು ಶಾಲೆ ಮಕ್ಕಳ ಕೆಲಸ. ಯಂತ್ರ ಸುಳ್ಳು ಹೇಳ್ತದಾ?” ಎಂದು ಹೆಡ್ಡು ನಕ್ಕರು.

“ನಾಲ್ಕಿಂಚಿನ ಚೌಕ ಎಳೆದು ಅಳೆದು ನೋಡಿ ಸರ್. ಹದಿನಾರು ಚದರ ಇಂಚು ಬರ್ಬೇಕಲ್ಲ?”

ಅದಕ್ಕೆ ಅವರು ಒಪ್ಪಲು ಎರಡು ವಾರ ಹಿಡಿಯಿತು. ಎರಡು ವಾರ! ಕೊನೆಗೆ ಎಲ್ಲರೆದುರು ಅಳೆದರು. ಹದಿಮೂರು ಕೂಡ ಬರಲಿಲ್ಲ. ಚಕ್ರವನ್ನು ಬೆಳಕಿಗೆ ಹಿಡಿದು ನೋಡಿದರೆ, ಸಂದಿಯಲ್ಲೆಲ್ಲ ಒಣಗಿದ ಗಂಧ. ಚಕ್ರ ಉರುಳಬೇಕಾದಲ್ಲಿ ಜಾರುತ್ತಿತ್ತು.

ಹೆಡ್ಡು ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ಉಜ್ಜಿ ಪೆಟ್ಟಿಗೆಯಲ್ಲಿಟ್ಟರು. “ಸರಿಯಾಯ್ತಲ್ಲ, ಇನ್ನೆಂತ?”

“ಸೇತುವೆ, ಸರ್?”

“ಫೈಲು ಮಂಗಳೂರಿಗೆ ಹೋಗಿ ಆಯ್ತು. ಈಗ ತಪ್ಪು ಅಂತ ಬರೆದ್ರೆ ನನ್ನ ಮರ್ಯಾದೆ ಎಂತ ಆಗುದು?”

ಅವರ ಮರ್ಯಾದೆಗಿಷ್ಟು ಬೆಂಕಿ ಹಾಕ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇಂಜಿನಿಯರರ ಕೋಣೆಗೇ ಹೋದೆ. “ಹೆಡ್ಡಿನ ಮೂಲಕ ಬರೆದು ಕೊಡಿ” ಎಂದರು. ಬರೆದು ಕೊಟ್ಟೆ. ಹೆಡ್ಡು ಅದನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ ಜಡಿದರು. ನಾನು ಹಲ್ಲು ಕಚ್ಚಿ ಕೂತೆ.

ಬೇಸಿಗೆಯಲ್ಲಿ ಎರಡು ಕಣ್ಣಿನ ಸೇತುವೆ ಎದ್ದಿತು. ಆಟಿಯ, ಎಂದರೆ ಆಷಾಢದ, ಮಳೆಗೆ ನೀರು ಆ ಕಣ್ಣುಗಳಲ್ಲಿ ಹಿಡಿಸದೆ, ಸೇತುವೆಯ ಬದಿಯ ಮಣ್ಣನ್ನೇ ಕೊರೆಯಿತು. ಅಕ್ಕ ಕೊನೆಯ ಮಗುವನ್ನು ದಾಟಿಸಿದ್ದಳಷ್ಟೇ, ಅವಳು ನಿಂತ ನೆಲ ಕುಸಿಯಿತು. ಜೀವ ಉಳಿಯಿತು. ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಅವಳ ಮಂಚದ ಬದಿಯಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿ, ಹೆಡ್ಡನ್ನೂ ಇಂಜಿನಿಯರನ್ನೂ ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ನನ್ನ ಕಡೆ ತಿರುಗಿದಳು.

“ಅಂದ್ರೆ ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ.”

“ನನಗೆ ಎಂತಕ್ಕೆ ಹೇಳ್ಲಿಲ್ಲ? ಊರಿನವರೆಲ್ಲ ಬಂದು ಆ ಆಫೀಸಿನ ಬಾಗಿಲಲ್ಲೇ ಕೂತ್ಕೊಳ್ತಿದ್ದೆವಲ್ಲ.”

ಹೊರಗೆ ಬಾಯಿ ಬಿಡಬೇಡ ಎಂದು ಕಚೇರಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನೇ ಬಾಯಿ ಬಿಟ್ಟಿರಲಿಲ್ಲ.